ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆ



ಚದುರಂಗವನ್ನು ಕಂಡುಹಿಡಿದವನು ರಾಜನಲ್ಲಿ ಬೇಡಿದ ಬಹುಮಾನದ ಕಥೆಯನ್ನು ತಾವೆಲ್ಲರೂ ಕೇಳಿರುತ್ತೀರಿ. ಹಲಗೆಯ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿಯಾಗುತ್ತ ಅರುವತ್ತನಾಲ್ಕು ಮನೆಗಳೂ ತುಂಬಬೇಕೆಂದು ಆತನು ಕೇಳಿದನಂತೆ. ರಾಜ್ಯದ ಕಣಜಗಳೆಲ್ಲ ಬರಿದಾದರೂ ಆ ಬೇಡಿಕೆ ತೀರಲಿಲ್ಲವೆಂದು ಕಥೆ ಮುಗಿಯುತ್ತದೆ. ಈ ಹೊತ್ತು ನಾವು ಆ ಹಲಗೆಗೆ ಇನ್ನು ಮೂರು ಮನೆಗಳನ್ನು ಸೇರಿಸೋಣ. ಅರುವತ್ತೇಳು ಮನೆಗಳಲ್ಲಿಯೂ ಇದೇ ಕ್ರಮದಲ್ಲಿ ಕಾಳುಗಳನ್ನಿಟ್ಟರೆ ಅವುಗಳ ಒಟ್ಟು ಮೊತ್ತವು 2ರ 67ನೆಯ ಘಾತಕ್ಕಿಂತ ಒಂದು ಮಾತ್ರ ಕಡಮೆಯಾಗುತ್ತದೆ. ಅದನ್ನು ಅಂಕಿಗಳಲ್ಲಿ ಬರೆದರೆ 14,75,73,95,25,89,67,64,12,927 ಎಂದಾಗುತ್ತದೆ. ಮಾತಿನಲ್ಲಿ ಹೇಳುವುದಾದರೆ, 14 ಲಕ್ಷ 75 ಸಾವಿರದ 739 ಕೋಟಿ ಕೋಟಿ. ಅದರ ಮೇಲೆ 52 ಲಕ್ಷ 58 ಸಾವಿರದ 967 ಕೋಟಿ. ಅದರ ಮೇಲೆ 64 ಲಕ್ಷ 12 ಸಾವಿರದ 927. ಒಟ್ಟು ಇಪ್ಪತ್ತೊಂದು ಅಂಕಿಗಳು.

ಈ ಕಾಳುಗಳ ವಿಷಯದಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಕೇಳಬಹುದು. ಒಂದು ಕಾಳೂ ಮಿಗದಂತೆ ಇವನ್ನು ಸಮನಾದ ರಾಶಿಗಳಾಗಿ ಹಂಚಲು ಸಾಧ್ಯವೆ? ಎಲ್ಲವನ್ನೂ ಒಂದೇ ರಾಶಿ ಮಾಡುವುದಾಗಲಿ, ಕಾಳಿಗೊಂದು ರಾಶಿ ಮಾಡುವುದಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಹನ್ನೆರಡು ಕಾಳುಗಳನ್ನು ಮೂರು ನಾಲ್ಕುಗಳಾಗಿ ಹಂಚಬಹುದು. ಹದಿಮೂರನ್ನು ಹಾಗೆ ಹಂಚಲಾಗದು. ಹಂಚಿಕೆಗೆ ಒಗ್ಗದ ಹದಿಮೂರರಂಥ ಸಂಖ್ಯೆಗೆ ಅವಿಭಾಜ್ಯವೆಂದೂ, ಒಗ್ಗುವ ಹನ್ನೆರಡರಂಥದಕ್ಕೆ ವಿಭಾಜ್ಯವೆಂದೂ ಹೆಸರು. ಯಾವ ಸಂಖ್ಯೆಗಳನ್ನು ಗುಣಿಸಿ ಒಂದು ವಿಭಾಜ್ಯ ಸಂಖ್ಯೆ ಆಗಿರುವುದೋ ಅವು ಅದರ ಅಪವರ್ತನಗಳು. ಪ್ರಶ್ನೆ ಮಕ್ಕಳಿಗೂ ತಿಳಿಯುವಂಥದು. ಆದರೆ ನಮ್ಮ ಇಪ್ಪತ್ತೊಂದು ಅಂಕಿಗಳ ಸಂಖ್ಯೆಯ ವಿಷಯದಲ್ಲಿ ಅದಕ್ಕೆ ಸರಿಯಾದ ಉತ್ತರ ದೊರೆಯಲು ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು. ಆ ಉತ್ತರವೂ ಎರಡು ಕಂತುಗಳಲ್ಲಿ ಬಂದಿತು. ಒಂದು ಸಂಖ್ಯೆ ಒಡೆಯುತ್ತದೆಯೆಂದು ತಿಳಿಯುವುದು ಬೇರೆ, ಅದು ಹೇಗೆ ಒಡೆಯುತ್ತದೆಯೆಂದು ತಿಳಿಯುವುದು ಬೇರೆ. ಈ ಎರಡು ತಿಳಿವುಗಳ ನಡುವಣ ಅಂತರವೇ ಇಂದಿನ ಭಾಷಣದ ವಿಷಯ.

ಮೊದಲು, ಈ ಸಂಖ್ಯೆಯ ಗೊಡವೆಗೆ ಗಣಿತಜ್ಞರು ಹೋದುದೇಕೆಂಬುದನ್ನು ಹೇಳಬೇಕು. ಪ್ರಾಚೀನ ಗ್ರೀಕರು ಕೆಲವು ಸಂಖ್ಯೆಗಳನ್ನು ಪರಿಪೂರ್ಣ ಸಂಖ್ಯೆಗಳೆಂದು ಕರೆದರು. 6ನ್ನು 1, 2, 3 ಇವು ಭಾಗಿಸುತ್ತವೆ. ಆ ಮೂರನ್ನೂ ಕೂಡಿದರೆ ಮತ್ತೆ 6 ಬರುತ್ತದೆ. 28ನ್ನು 1, 2, 4, 7, 14 ಇವು ಭಾಗಿಸುತ್ತವೆ. ಅವುಗಳ ಮೊತ್ತವೂ 28. ಎರಡರ ಒಂದು ಘಾತದಿಂದ ಒಂದನ್ನು ಕಳೆದಾಗ ಅವಿಭಾಜ್ಯ ಸಂಖ್ಯೆ ದೊರೆತರೆ ಅದರಿಂದ ಪರಿಪೂರ್ಣ ಸಂಖ್ಯೆಯೊಂದನ್ನು ಕಟ್ಟಬಹುದೆಂದು ಯೂಕ್ಲಿಡನು ತೋರಿಸಿದನು. ಆದಕಾರಣ 3, 7, 31, 127 ಮೊದಲಾದ ಈ ಜಾತಿಯ ಸಂಖ್ಯೆಗಳಲ್ಲಿ ಯಾವುವು ಅವಿಭಾಜ್ಯವೆಂಬುದು ಬಹುಕಾಲದ ಕುತೂಹಲವಾಯಿತು. ಘಾತಾಂಕವೇ ವಿಭಾಜ್ಯವಾಗಿದ್ದರೆ ಸಂಖ್ಯೆಯೂ ವಿಭಾಜ್ಯವೆಂದು ಸುಲಭವಾಗಿ ಹೇಳಬಹುದು. ಘಾತಾಂಕವು ಅವಿಭಾಜ್ಯವಾದಾಗ ಮಾತ್ರ ಸಂಶಯ. 2ರ 11ನೆಯ ಘಾತದಿಂದ ಒಂದನ್ನು ಕಳೆದರೆ 2047; ಹನ್ನೊಂದು ಅವಿಭಾಜ್ಯವಾದರೂ 2047 ಮಾತ್ರ 23 ಮತ್ತು 89 ಇವುಗಳ ಗುಣಲಬ್ಧ.

1644ರಲ್ಲಿ ಪ್ಯಾರಿಸ್ಸಿನ ಮರ್ಸೆನ್ ಎಂಬ ಕ್ರೈಸ್ತ ಸಂನ್ಯಾಸಿಯು ತನ್ನ ಗ್ರಂಥವೊಂದರ ಪೀಠಿಕೆಯಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿದನು. ಘಾತಾಂಕವು 257ರ ವರೆಗಿರುವ ಈ ಜಾತಿಯ ಸಂಖ್ಯೆಗಳಲ್ಲಿ ಅವಿಭಾಜ್ಯವಾದುವು ಹನ್ನೊಂದೇ ಎಂದೂ, ಅವುಗಳ ಘಾತಾಂಕಗಳು 2, 3, 5, 7, 13, 17, 19, 31, 67, 127, 257 ಎಂದೂ ಆತನ ಅಭಿಪ್ರಾಯ. ಯುರೋಪಿನ ವಿದ್ವಾಂಸರೊಡನೆಲ್ಲ ಪತ್ರವ್ಯವಹಾರವಿಟ್ಟುಕೊಂಡಿದ್ದ ಈ ಸಂನ್ಯಾಸಿಯ ಮಾತಿಗೆ ಗೌರವವಿತ್ತು. ಈ ಜಾತಿಯ ಸಂಖ್ಯೆಗಳಿಗೆ ಇಂದಿಗೂ ಆತನ ಹೆಸರೇ ನಿಂತಿದೆ. ಆದರೆ ಆ ಪಟ್ಟಿಯಲ್ಲಿ ಐದು ತಪ್ಪುಗಳಿದ್ದುವು. 61, 89, 107 ಎಂಬ ಮೂರು ಸೇರಬೇಕಾಗಿದ್ದುವು, ಸೇರಿರಲಿಲ್ಲ. 67 ಮತ್ತು 257 ಎಂಬ ಎರಡು ಸೇರಬಾರದಾಗಿದ್ದುವು, ಸೇರಿದ್ದುವು.

ನಮ್ಮ ಸಂಖ್ಯೆಯ ವಿಷಯದಲ್ಲಿ ಈ ತಪ್ಪು ಇನ್ನೂರಕ್ಕೂ ಹೆಚ್ಚು ವರ್ಷ ನಿಂತಿತೇಕೆಂದು ಕೇಳಬಹುದು. ಭಾಗಿಸಿ ನೋಡಬಾರದಿತ್ತೆ? ನೋಡಬಹುದಿತ್ತು. ಒಂದು ಸಂಖ್ಯೆ ಒಡೆಯುವುದಾದರೆ ಅದರ ಅಪವರ್ತನಗಳಲ್ಲಿ ಒಂದಾದರೂ ಅದರ ವರ್ಗಮೂಲವನ್ನು ಮೀರಿರುವುದಿಲ್ಲ. ನಮ್ಮ ಸಂಖ್ಯೆಯ ವರ್ಗಮೂಲವು ಸುಮಾರು 1,214 ಕೋಟಿ. ಕ್ಷಣಕ್ಕೊಂದರಂತೆ ಹಗಲೂ ರಾತ್ರಿಯೂ ಭಾಗಾಕಾರ ಮಾಡುತ್ತ ಹೋದರೆ ಅಷ್ಟನ್ನು ಮುಗಿಸಲು 385 ವರ್ಷಗಳು ಹಿಡಿಯುತ್ತವೆ. ಇಪ್ಪತ್ತೊಂದು ಅಂಕಿಗಳ ಭಾಗಾಕಾರವನ್ನು ಒಂದು ಕ್ಷಣದಲ್ಲಿ ಮಾಡುವ ಮನುಷ್ಯನಾದರೂ ಎಲ್ಲಿದ್ದಾನೆ?

ಈ ಶ್ರಮವನ್ನು ಕಡಮೆ ಮಾಡುವ ಒಂದು ನಿಯಮವನ್ನು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನು 1640ರಲ್ಲಿಯೇ ಕಂಡುಕೊಂಡಿದ್ದನು. ಘಾತಾಂಕವು ಎರಡಕ್ಕಿಂತ ದೊಡ್ಡ ಅವಿಭಾಜ್ಯವಾದಾಗ, ಅದರ ಇಮ್ಮಡಿಯಿಂದ ಭಾಗಿಸಿದರೆ ಒಂದು ಶೇಷ ಉಳಿಯುವ ಸಂಖ್ಯೆಗಳು ಮಾತ್ರವೇ ಅಪವರ್ತನಗಳಾಗಬಲ್ಲುವು. 2047ರ ಘಾತಾಂಕ 11, ಅದರ ಇಮ್ಮಡಿ 22. 23ನ್ನಾಗಲಿ 89ನ್ನಾಗಲಿ 22ರಿಂದ ಭಾಗಿಸಿದರೆ ಒಂದೇ ಉಳಿಯುತ್ತದೆ. ನಮ್ಮ ಸಂಖ್ಯೆಗೆ 134ರ ಲೆಕ್ಕ. ಇದರಿಂದ 134 ಸಂಖ್ಯೆಗಳಲ್ಲಿ ಒಂದನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಅದಲ್ಲದೆ, ಎಂಟರಿಂದ ಭಾಗಿಸಿದಾಗ ಒಂದೋ ಏಳೋ ಉಳಿಯಬೇಕೆಂಬ ಮತ್ತೊಂದು ನಿಯಮವೂ ಉಂಟು. ಅದರಿಂದ ಉಳಿದುದರಲ್ಲಿ ಅರ್ಧ ಹೋಗುತ್ತದೆ. ಇಷ್ಟಾದ ಮೇಲೆಯೂ ಪರೀಕ್ಷಿಸಬೇಕಾದ ಸಂಖ್ಯೆಗಳು ನಾಲ್ಕೂವರೆ ಕೋಟಿಯಷ್ಟು ಉಳಿಯುತ್ತವೆ. ಕೈಲೆಕ್ಕದವನಿಗೆ ಇದು ಒಂದು ಜನ್ಮದ ಕೆಲಸವಲ್ಲ.

ಹೀಗಿರುವಾಗ 1876ರಲ್ಲಿ ಎಡ್ವರ್ಡ್ ಲೂಕಾ ಎಂಬ ಮತ್ತೊಬ್ಬ ಫ್ರೆಂಚ್ ವಿದ್ವಾಂಸನು ವಿಚಿತ್ರವಾದ ಒಂದು ಮಾರ್ಗವನ್ನು ಹಿಡಿದನು. ಕಾಶಿಯ ದೇವಾಲಯವೊಂದರಲ್ಲಿ ಅರುವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಒಂದು ಕಂಬದಿಂದ ಮತ್ತೊಂದಕ್ಕೆ ಸಾಗಿಸುತ್ತಿರುವರೆಂಬ ಕಲ್ಪಿತ ಕಥೆಯೊಡನೆ ಪ್ರಸಿದ್ಧವಾದ ಹನೋಯಿ ಗೋಪುರದ ಆಟವನ್ನು 1883ರಲ್ಲಿ ಹೊರತಂದವನೂ ಈತನೇ. ಆ ಆಟದಲ್ಲಿ ಅರುವತ್ತೇಳು ಬಿಲ್ಲೆಗಳಿದ್ದರೆ ಬೇಕಾಗುವ ನಡೆಗಳ ಸಂಖ್ಯೆಯು ನಾವು ಹೇಳುತ್ತಿರುವ ಸಂಖ್ಯೆಯೇ ಎಂಬುದು ಒಂದು ಸೊಗಸು. ಲೂಕಾ ತೋರಿದ ಮಾರ್ಗದಲ್ಲಿ ಅಪವರ್ತನಗಳನ್ನು ಹುಡುಕುವ ಕೆಲಸವೇ ಇಲ್ಲ. ಅದನ್ನು ಮುಂದೆ ಅಮೆರಿಕದ ಲೆಹ್ಮರ್ ಎಂಬವರು ಸರಳಗೊಳಿಸಿದರು. ಆ ಸರಳ ರೂಪದಲ್ಲಿಯೇ ಅದನ್ನು ಹೇಳುತ್ತೇನೆ. ಹತ್ತಿರ ಕಾಗದವಿರುವವರು ಮಾಡಿ ನೋಡಬಹುದು.

ಮೊದಲು 4ನ್ನು ಬರೆಯಿರಿ. ಅದರ ವರ್ಗದಿಂದ 2ನ್ನು ಕಳೆಯಿರಿ, 14 ಬರುತ್ತದೆ. ಇದರ ವರ್ಗದಿಂದಲೂ 2ನ್ನು ಕಳೆಯಿರಿ, 194. ಹೀಗೆಯೇ ಮುಂದುವರಿಯಬೇಕು. ಪ್ರತಿಯೊಂದು ಸಲವೂ ಬಂದ ಫಲವನ್ನು ಪರೀಕ್ಷೆಗೆ ಗುರಿಯಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಂಡರೆ ಸಾಕು. ಘಾತಾಂಕಕ್ಕಿಂತ ಎರಡು ಕಡಮೆ ಹೆಜ್ಜೆಗಳನ್ನು ಹಾಕಿದಾಗ ಶೇಷ ಸೊನ್ನೆಯಾದರೆ ಆ ಸಂಖ್ಯೆ ಅವಿಭಾಜ್ಯ, ಆಗದಿದ್ದರೆ ವಿಭಾಜ್ಯ. 31ನ್ನು ತೆಗೆದುಕೊಳ್ಳೋಣ. ಅದರ ಘಾತಾಂಕ 5, ಮೂರು ಹೆಜ್ಜೆಗಳು. ಮೊದಲನೆಯದು 14. ಎರಡನೆಯದು 194, ಅದನ್ನು 31ರಿಂದ ಭಾಗಿಸಿದರೆ ಶೇಷ 8. ಮೂರನೆಯದು 8ರ ವರ್ಗ 64ರಲ್ಲಿ 2 ಕಳೆದು 62; ಅದು 31ರ ಇಮ್ಮಡಿ, ಶೇಷ ಸೊನ್ನೆ. ಆದುದರಿಂದ 31 ಅವಿಭಾಜ್ಯ.

ಇನ್ನು 2047ಕ್ಕೆ ಒಂಬತ್ತು ಹೆಜ್ಜೆಗಳು. ಶೇಷಗಳು ಕ್ರಮವಾಗಿ 14, 194, 788, 701, 119, 1877, 240, 282, 1736. ಕೊನೆಯದು ಸೊನ್ನೆಯಲ್ಲ. ಆದಕಾರಣ 2047 ವಿಭಾಜ್ಯವೆಂಬುದರಲ್ಲಿ ಲೇಶವೂ ಸಂದೇಹವಿಲ್ಲ. ಆದರೆ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಈ ಒಂಬತ್ತು ಶೇಷಗಳಲ್ಲಿ 23 ಎಲ್ಲಿದೆ? 89 ಎಲ್ಲಿದೆ? ಎಲ್ಲಿಯೂ ಇಲ್ಲ. ಪರೀಕ್ಷೆಯು ‘ಒಡೆಯುತ್ತದೆ’ ಎಂದು ಖಂಡಿತವಾಗಿ ಹೇಳುತ್ತದೆ. ಎಲ್ಲಿ ಒಡೆಯುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಮುಚ್ಚಿದ ಪೆಟ್ಟಿಗೆಯನ್ನು ಅಲ್ಲಾಡಿಸಿ ಒಳಗೆ ಏನೋ ಇದೆಯೆಂದು ತಿಳಿದಂತೆ.

ಇಂಥ ಮಾರ್ಗದಿಂದಲೇ ಲೂಕಾ ಎರಡು ಸಂಗತಿಗಳನ್ನು ಸ್ಥಾಪಿಸಿದನು. 2ರ 127ನೆಯ ಘಾತದಿಂದ ಒಂದನ್ನು ಕಳೆದಾಗ ಬರುವ ಮೂವತ್ತೊಂಬತ್ತು ಅಂಕಿಗಳ ಸಂಖ್ಯೆ ಅವಿಭಾಜ್ಯವೆಂಬುದು ಒಂದು. ಇದರಲ್ಲಿ ಮರ್ಸೆನನ ಮಾತು ನಿಜವಾಯಿತು. ನಮ್ಮ ಇಪ್ಪತ್ತೊಂದು ಅಂಕಿಗಳ ಸಂಖ್ಯೆ ವಿಭಾಜ್ಯವೆಂಬುದು ಎರಡನೆಯದು. ಇದರಲ್ಲಿ ಮರ್ಸೆನನ ಮಾತು ಬಿದ್ದುಹೋಯಿತು. ಕಾಳುಗಳನ್ನು ಸಮವಾಗಿ ಹಂಚಬಹುದೆಂದು ತೀರ್ಮಾನವಾದ ಮೇಲೆಯೂ ಎಷ್ಟು ರಾಶಿ, ರಾಶಿಗೆ ಎಷ್ಟು ಕಾಳು ಎಂಬುದನ್ನು ಹೇಳಬಲ್ಲವರು ಲೋಕದಲ್ಲಿ ಒಬ್ಬರೂ ಇರಲಿಲ್ಲ. ಈ ಸ್ಥಿತಿ ಇಪ್ಪತ್ತೇಳು ವರ್ಷಗಳ ಕಾಲ ಹಾಗೆಯೇ ನಡೆಯಿತು.

ಎರಡನೆಯ ಕಂತು ಬಂದದ್ದು 1903ರ ಅಕ್ಟೋಬರ್ 31ರಂದು, ಅಮೆರಿಕನ್ ಗಣಿತಸಂಘದ ನ್ಯೂಯಾರ್ಕ್ ಸಭೆಯಲ್ಲಿ. ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಫ್ರಾಂಕ್ ನೆಲ್ಸನ್ ಕೋಲ್ ಎಂಬವರು ದೊಡ್ಡ ಸಂಖ್ಯೆಗಳ ಅಪವರ್ತನವನ್ನು ಕುರಿತ ಪ್ರಬಂಧವನ್ನು ಅಲ್ಲಿ ಮಂಡಿಸಿದರು. ಆ ಸಭೆಯ ವಿವರವನ್ನು ಎರಿಕ್ ಟೆಂಪಲ್ ಬೆಲ್ ಎಂಬ ಗಣಿತಜ್ಞರು ಬಹುಕಾಲದ ಮೇಲೆ ತಮ್ಮ ಪುಸ್ತಕವೊಂದರಲ್ಲಿ ಹೀಗೆ ವರ್ಣಿಸಿದ್ದಾರೆ. ಕೋಲ್ ಅವರು ಎದ್ದು ಕರಿಹಲಗೆಯ ಬಳಿಗೆ ಹೋದರು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. 2ರ 67ನೆಯ ಘಾತವನ್ನು ಕೈಯಲ್ಲಿ ಲೆಕ್ಕಹಾಕಿ ಒಂದನ್ನು ಕಳೆದು ಫಲವನ್ನು ಬರೆದರು. ಹಲಗೆಯಲ್ಲಿ ಬರಿದಾಗಿದ್ದ ಮತ್ತೊಂದು ಕಡೆಗೆ ಹೋಗಿ ಎರಡು ಸಂಖ್ಯೆಗಳನ್ನು ಬರೆದು, ಶಾಲೆಯ ಹುಡುಗರು ಮಾಡುವಂತೆ ಸಾಲುಸಾಲಾಗಿ ಗುಣಿಸಿದರು. ಆ ಸಂಖ್ಯೆಗಳು ಇವು: 19,37,07,721 ಮತ್ತು 7,61,83,82,57,287. ಎರಡು ಕಡೆಯ ಫಲಗಳೂ ಅಂಕಿಗೆ ಅಂಕಿ ಒಂದೇ ಆದುವು. ಕೋಲ್ ಅವರು ಸುಮ್ಮನೆ ಬಂದು ತಮ್ಮ ಸ್ಥಳದಲ್ಲಿ ಕುಳಿತರು. ಸಭಿಕರು ಕರತಾಡನ ಮಾಡಿದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳುವುದಕ್ಕೆ ಏನು ಉಳಿದಿತ್ತು? ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಮುಂದೆ ಬೆಲ್ ಅವರು ವಿಚಾರಿಸಿದಾಗ, ಮೂರು ವರ್ಷಗಳ ಭಾನುವಾರಗಳೆಂದು ಉತ್ತರ ದೊರೆಯಿತಂತೆ. ಕೋಲ್ ಅವರೂ ಬರಿಯ ಭಾಗಾಕಾರದಿಂದ ಹುಡುಕಲಿಲ್ಲ. ವರ್ಗಗಳು ಉಳಿಸುವ ಶೇಷಗಳ ಗುಣವನ್ನು ಹಿಡಿದು, ಆಗದ ಸಂಖ್ಯೆಗಳನ್ನು ಗುಂಪುಗುಂಪಾಗಿ ತಳ್ಳಿಹಾಕುತ್ತ ಬಂದರು.

ಈ ಗುಣಾಕಾರದಲ್ಲಿ ನಮಗೆ ನಂಬಿಕೆ ಹುಟ್ಟಬೇಕಾದರೆ ಹಳೆಯ ಉಪಾಯವೊಂದಿದೆ, ಒಂಬತ್ತುಗಳನ್ನು ಬಿಟ್ಟು ನೋಡುವುದು. ಮೊದಲನೆಯ ಅಪವರ್ತನದ ಅಂಕಿಗಳನ್ನು ಕೂಡಿದರೆ 37. ಅದರ ಅಂಕಿಗಳನ್ನು ಕೂಡಿದರೆ 10. ಮತ್ತೆ ಕೂಡಿದರೆ 1. ಎರಡನೆಯದರ ಮೊತ್ತ 64. ಅದರಿಂದಲೂ 10, ಕೊನೆಗೆ 1. ಒಂದನ್ನು ಒಂದರಿಂದ ಗುಣಿಸಿದರೆ ಒಂದು. ನಮ್ಮ ಇಪ್ಪತ್ತೊಂದು ಅಂಕಿಗಳ ಮೊತ್ತ 109. ಅದೂ 10 ಆಗಿ 1 ಆಗುತ್ತದೆ. ಇದು ಪೂರ್ಣ ಪ್ರಮಾಣವಲ್ಲ. ತಪ್ಪಿದ್ದರೆ ಬಹುಮಟ್ಟಿಗೆ ಹಿಡಿದುಕೊಡುತ್ತದೆ, ಅಷ್ಟೆ. ಪೂರ್ಣ ಪ್ರಮಾಣ ಬೇಕೆನ್ನುವವರು ಕಾಗದದ ಮೇಲೆ ಗುಣಿಸಿ ನೋಡಲಿ. ಅರ್ಧ ಗಂಟೆ ಸಾಕು. ಫರ್ಮಾನ ನಿಯಮವೂ ಇಲ್ಲಿ ನೆರವೇರಿದೆ. ಚಿಕ್ಕ ಅಪವರ್ತನದಿಂದ ಒಂದನ್ನು ಕಳೆದು 134ರಿಂದ ಭಾಗಿಸಿದರೆ ಸರಿಯಾಗಿ 14,45,580 ಬರುತ್ತದೆ, ಶೇಷವಿಲ್ಲ.

ಮೂರು ವರ್ಷಗಳ ಭಾನುವಾರಗಳು ಒಂದು ಕಡೆ, ಅರ್ಧ ಗಂಟೆ ಒಂದು ಕಡೆ. ಗುಣಿಸಿ ಮುಂದಕ್ಕೆ ಹೋಗುವುದು ಸುಲಭ, ಒಡೆದು ಹಿಂದಕ್ಕೆ ಬರುವುದು ಕಠಿನ. ಇದರ ಸಣ್ಣ ಮಾದರಿಯೊಂದು ನಮ್ಮ ನಾಡಿನ ಹಳೆಯ ಗ್ರಂಥದಲ್ಲಿಯೇ ದೊರೆಯುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಹಾರದಂತೆ ಸಾಲಾಗಿ ಕಾಣುವ ಫಲಗಳನ್ನು ಕೊಡುವ ಗುಣಾಕಾರದ ಲೆಕ್ಕಗಳಿವೆ. 1,52,207ನ್ನು 73ರಿಂದ ಗುಣಿಸು ಎಂಬುದು ಅವುಗಳಲ್ಲಿ ಒಂದು. ಗುಣಿಸಿದರೆ ಬರುವುದು 1,11,11,111, ಎಂದರೆ ಎಂಟು ಒಂದುಗಳು. ಎರಡು ನಿಮಿಷದ ಕೆಲಸ. ಈಗ ಇದನ್ನೇ ತಿರುಗಿಸಿ ಕೇಳೋಣ: ಎಂಟು ಒಂದುಗಳನ್ನು ಕೊಟ್ಟಿದೆ, ಅದು ಯಾವ ಅವಿಭಾಜ್ಯಗಳಿಂದ ಆಗಿದೆ? 11 ಬೇಗ ಸಿಕ್ಕುತ್ತದೆ. 101ನ್ನೂ ಸೂಕ್ಷ್ಮವಾಗಿ ನೋಡಿದವರು ಕಾಣಬಲ್ಲರು. 73 ಮತ್ತು 137 ದೊರೆಯಬೇಕಾದರೆ ಸ್ವಲ್ಪ ಬೆವರು ಹರಿಯಬೇಕು. ಎಂಟು ಅಂಕಿಗಳಲ್ಲಿ ಬೆವರಾದುದು ಇಪ್ಪತ್ತೊಂದು ಅಂಕಿಗಳಲ್ಲಿ ವರ್ಷಗಳಾಗುತ್ತದೆ. ಕೆಲವು ನೂರು ಅಂಕಿಗಳಲ್ಲಿ ಯುಗಗಳಾಗುತ್ತದೆ.

ಇದರಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೆ ಕೋಲ್ ಅವರ ಕಾಲದಲ್ಲಿ ಉತ್ತರವಿರಲಿಲ್ಲ. ಉತ್ತರವು 1977ರಲ್ಲಿ ದೊರೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿದ್ದ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಅಂತರವನ್ನೇ ಬೀಗವಾಗಿ ಮಾಡಿದರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಟ್ಟಾಗಿ ಆರಿಸಿಕೊಂಡು ಅವುಗಳ ಗುಣಲಬ್ಧವನ್ನು ಲೋಕಕ್ಕೆಲ್ಲ ಸಾರಿಬಿಡುವುದು. ಆ ಗುಣಲಬ್ಧದಿಂದ ಯಾರು ಬೇಕಾದರೂ ಗುಪ್ತಲಿಪಿಯಲ್ಲಿ ಬರೆಯಬಹುದು; ಓದಬೇಕಾದರೆ ಅಪವರ್ತನಗಳನ್ನು ಬಲ್ಲವನೇ ಆಗಬೇಕು. ಬೀಗ ಬೀದಿಯಲ್ಲಿರುತ್ತದೆ, ಬೀಗದಕೈ ಮಾತ್ರ ಮನೆಯಲ್ಲಿ. ದೂರದಿಂದ ನಡೆಯುವ ಹಣದ ವ್ಯವಹಾರಗಳನ್ನೂ ಪತ್ರಗಳನ್ನೂ ಕಾಪಾಡುವುದಕ್ಕೆ ಈ ಉಪಾಯವು ವಿಶೇಷವಾಗಿ ಬಳಕೆಗೆ ಬಂದಿತು.

ಆ ವರ್ಷವೇ ಈ ಮೂವರ 129 ಅಂಕಿಗಳ ವಿಭಾಜ್ಯ ಸಂಖ್ಯೆಯೊಂದನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಅದರಿಂದ ಮುಚ್ಚಿದ ಸಂದೇಶವನ್ನು ಓದಿದವರಿಗೆ ನೂರು ಡಾಲರುಗಳ ಬಹುಮಾನವನ್ನು ಸಾರಲಾಯಿತು. ಅದನ್ನು ಒಡೆಯಲು ಊಹೆಗೂ ಮೀರಿದ ವರ್ಷಗಳು ಬೇಕೆಂಬ ಅಂದಾಜಿತ್ತು. ಹದಿನೇಳು ವರ್ಷಗಳಲ್ಲಿಯೇ, 1994ರಲ್ಲಿ, ಸುಮಾರು ಆರುನೂರು ಮಂದಿ ತಮ್ಮ ಗಣಕಯಂತ್ರಗಳನ್ನು ಹೂಡಿ ಅದನ್ನು ಒಡೆದರು. 2020ರಲ್ಲಿ 250 ಅಂಕಿಗಳ ಇಂಥ ಸಂಖ್ಯೆಯೂ ಒಡೆಯಿತು. ಯಂತ್ರದ ಒಂದೇ ಗಣನಾಂಗದಿಂದ ಮಾಡಿಸಿದ್ದರೆ ಅದಕ್ಕೆ ಸುಮಾರು 2,700 ವರ್ಷಗಳು ಹಿಡಿಯುತ್ತಿದ್ದುವು. ಆದುದರಿಂದ ಬೀಗಗಳಿಗೆ ಆರುನೂರಕ್ಕೂ ಮೇಲ್ಪಟ್ಟ ಅಂಕಿಗಳ ಸಂಖ್ಯೆಗಳನ್ನು ಬಳಸುವ ರೂಢಿ ಬಂದಿದೆ.

ಇನ್ನೊಂದು ಕಡೆ, ಒಡೆಯುತ್ತದೆಯೆ ಇಲ್ಲವೆ ಎಂಬ ಮೊದಲನೆಯ ಪ್ರಶ್ನೆಯು ದಿನದಿನಕ್ಕೆ ಸುಲಭವಾಗಿದೆ. ಲೂಕಾನ ಪರೀಕ್ಷೆ ಒಂದು ಜಾತಿಯ ಸಂಖ್ಯೆಗಳಿಗೆ ಮಾತ್ರ ಸಲ್ಲುತ್ತಿತ್ತು. ಎಲ್ಲ ಸಂಖ್ಯೆಗಳಿಗೂ ಸಲ್ಲುವ, ಅಂಕಿಗಳು ಹೆಚ್ಚಿದರೂ ಶ್ರಮ ಮಿತಿಮೀರದ, ಸಂದೇಹಕ್ಕೆಡೆಯಿಲ್ಲದ ವಿಧಾನವೊಂದನ್ನು 2002ರಲ್ಲಿ ಕಾನ್ಪುರದ ತಾಂತ್ರಿಕ ವಿದ್ಯಾಸಂಸ್ಥೆಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನ ಎಂಬ ಮೂವರು ಕೊಟ್ಟರು. ಅದೂ ವಿಭಾಜ್ಯವೆಂದು ಹೇಳುವಾಗ ಅಪವರ್ತನಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಮೊದಲನೆಯ ಪ್ರಶ್ನೆಗೆ ಹೆದ್ದಾರಿಯಾಗಿದೆ. ಎರಡನೆಯದಕ್ಕೆ ಇನ್ನೂ ಕಾಡುದಾರಿ.

ಈ ಎರಡನೆಯ ಕೆಲಸವು ಸ್ವಭಾವತಃ ಕಷ್ಟವೋ, ಅಥವಾ ಸುಲಭವಾದ ದಾರಿಯಿದ್ದೂ ಯಾರ ಕಣ್ಣಿಗೂ ಬಿದ್ದಿಲ್ಲವೋ? ಕಷ್ಟವೇ ಎಂದು ಯಾರೂ ಸಾಧಿಸಿ ತೋರಿಸಿಲ್ಲ. 1994ರಲ್ಲಿ ಪೀಟರ್ ಶೋರ್ ಎಂಬವರು, ಪರಮಾಣುಲೋಕದ ಕ್ವಾಂಟಮ್ ನಿಯಮಗಳಂತೆ ನಡೆಯುವ ದೊಡ್ಡ ಗಣಕಯಂತ್ರವೊಂದಿದ್ದರೆ ಈ ಕೆಲಸ ಸುಲಭವಾಗುತ್ತದೆಂದು ತೋರಿಸಿಯೂ ಇದ್ದಾರೆ. ಹಾಗೆಂದರೆ ಲಕ್ಷಾಂತರ ಜನರ ಗುಟ್ಟುಗಳು ಒಂದು ಸಿದ್ಧಾಂತದ ಮೇಲೆ ನಿಂತಿಲ್ಲ, ಒಂದು ಅನುಭವದ ಮೇಲೆ ನಿಂತಿವೆ. ಬಹು ಮಂದಿ ಜಾಣರು ಬಹುಕಾಲ ಹುಡುಕಿದ್ದಾರೆ, ಸುಲಭವಾದ ದಾರಿ ಸಿಕ್ಕಿಲ್ಲ ಎಂಬುದೇ ಆ ಅನುಭವ. ಮರ್ಸೆನನ ಪಟ್ಟಿಯನ್ನೂ ಜಾಣರಾದವರು ಇನ್ನೂರಕ್ಕೂ ಹೆಚ್ಚು ವರ್ಷ ನಂಬಿದ್ದರೆಂಬುದನ್ನು ಇಲ್ಲಿ ನೆನೆಯುವುದು ಒಳ್ಳೆಯದು.

ನಮ್ಮ ಇಪ್ಪತ್ತೊಂದು ಅಂಕಿಗಳ ಸಂಖ್ಯೆಯನ್ನು ಇಂದು ಸಾಮಾನ್ಯವಾದ ಗಣಕಯಂತ್ರವೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಡೆದುಬಿಡುತ್ತದೆ. ಆದರೆ ಅದೇ ಜಾತಿಯ ಮತ್ತೊಂದು ಸಂಖ್ಯೆಯಿದೆ. 2ರ 1277ನೆಯ ಘಾತದಿಂದ ಒಂದನ್ನು ಕಳೆದರೆ 385 ಅಂಕಿಗಳ ಒಂದು ಸಂಖ್ಯೆ ಬರುತ್ತದೆ. ಅದು ವಿಭಾಜ್ಯವೆಂದು ಲೂಕಾನ ಮಾರ್ಗವು ಖಚಿತವಾಗಿ ಹೇಳಿದೆ. ಅದರ ಒಂದು ಅಪವರ್ತನವೂ ಇಂದಿನ ವರೆಗೆ ಯಾರಿಗೂ ದೊರೆತಿಲ್ಲ. 1876ರಿಂದ 1903ರ ವರೆಗೆ ನಮ್ಮ ಸಂಖ್ಯೆ ಎಲ್ಲಿ ನಿಂತಿತ್ತೋ ಅಲ್ಲಿಯೇ ಅದು ಈಗ ನಿಂತಿದೆ. ಅದನ್ನು ಒಡೆಯುವ ಸಂಖ್ಯೆಗಳು ಇರುವುದು ಖಂಡಿತ. ಒಂದು ದಿನ ಯಾರಾದರೊಬ್ಬರು ಅವನ್ನು ಬರೆದು ತೋರಿಸಿದರೆ, ಸರಿಯೋ ತಪ್ಪೋ ಎಂದು ನೋಡುವುದಕ್ಕೆ ಯಾವ ಪಂಡಿತನ ಅಪ್ಪಣೆಯೂ ಬೇಕಾಗುವುದಿಲ್ಲ. ಗುಣಾಕಾರ ಬಲ್ಲವರೆಲ್ಲರೂ ಅದಕ್ಕೆ ಸಾಕ್ಷಿಗಳಾಗಬಹುದು.